ಪ್ರಸಂಗ ತಗುಲಿದ್ದು ಪಕ್ಕದ ಬೆಂಚಿಗೆ

ಅಯ್ಯನವರು ಪಾಪದ ಮೇಲೆ ಖಾರವಾಗಿ ಪ್ರಸಂಗ ಮಾಡಿದ ಭಾನುವಾರ, ಆರಾಧನೆ ಮುಗಿಸಿ ಹೊರಬರುವವರ ಮುಖ ನೋಡಬೇಕು. ಎಂಥ ತೃಪ್ತಿ! "ಇವತ್ತು ಸರಿಯಾಗಿ ಕೊಟ್ರಿ ಅಯ್ಯನವರೇ" ಅಂತ ಕೈಕುಲುಕುವುದೇನು! ಕೊಟ್ಟದ್ದು ಯಾರಿಗೆ ಅಂತ ಮಾತ್ರ ಕೇಳಬೇಡಿ. ಮೂರನೇ ಬೆಂಚಿನವರ ಪ್ರಕಾರ ಅದು ನಾಲ್ಕನೇ ಬೆಂಚಿಗೆ. ನಾಲ್ಕನೇ ಬೆಂಚಿನವರ ಪ್ರಕಾರ ಖಜಾಂಚಿಗೆ. ಖಜಾಂಚಿಗೋ, ಅವತ್ತೇ ಚಕ್ಕರ್ ಹೊಡೆದ ಭಾವಮೈದುನನ ನೆನಪಾಗಿ, "ಛೆ, ಅವನು ಕೇಳಬೇಕಿತ್ತು" ಎಂಬ ಸಂಕಟ.

ಪಾಪದ ಅರಿಕೆಯನ್ನು ಸಭೆಯೆಲ್ಲ ಒಕ್ಕೊರಲಿನಿಂದ ಹೇಳುವ ಪದ್ಧತಿ ನನಗಂತೂ ಬಹಳ ಹಿಡಿಸಿದೆ. ಹೋಟೆಲಿನಲ್ಲಿ ಇಪ್ಪತ್ತು ಜನ ತಿಂದು ಬಿಲ್ಲು ಹಂಚಿಕೊಂಡ ಹಾಗೆ, ತಲೆಗೆ ಬರುವುದು ಒಂದು ಅರ್ಧ ಕಾಫಿಯಷ್ಟು ಪಾಪ. ಕ್ಯಾಥೊಲಿಕರಿಗೆ ಈ ಸೌಲಭ್ಯ ಸಾಲದು. ಅವರು ಗುರುಗಳ ಮುಂದೆ ಒಬ್ಬೊಬ್ಬರೇ ಮೊಣಕಾಲೂರಬೇಕು. ಆದರೂ ಅತ್ತೆ ಪಾಪನಿವೇದನೆಗೆ ಹೋದರೆ ಗುರುಗಳಿಗೆ ಸೊಸೆಯ ಪಾಪಗಳೆಲ್ಲ ತಿಳಿಯುತ್ತವಂತೆ.

ನಿಜ ಹೇಳಬೇಕೆಂದರೆ, ಕುಡಿದು ಮನೆ ಮುರಿದುಕೊಂಡವನಿಗೆ ದೇವರ ಕೃಪೆ ಬೇಕು ಅಂತ ಹೇಳಿಕೊಡಬೇಕಿಲ್ಲ. ಕಷ್ಟವಿರುವುದು ಒಳ್ಳೆಯವರ ಹತ್ತಿರ. ಲೂಕನ ಸುವಾರ್ತೆಯ ಹದಿನೆಂಟನೇ ಅಧ್ಯಾಯದ ಫರಿಸಾಯನನ್ನು ನಾವು ಸುಮ್ಮನೆ ಖಳನಾಯಕ ಮಾಡಿಬಿಟ್ಟಿದ್ದೇವೆ. ವಾರಕ್ಕೆ ಎರಡು ಉಪವಾಸ, ಗಳಿಸಿದ್ದರಲ್ಲೆಲ್ಲ ಹತ್ತರಲ್ಲೊಂದು ಪಾಲು! ಇಂಥವನು ಈಗ ಸಿಕ್ಕರೆ ನಮ್ಮ ಕಮಿಟಿಗೆ ಅವಿರೋಧ ಆಯ್ಕೆ. ಅವನು ಹೇಳಿದ್ದರಲ್ಲಿ ಸುಳ್ಳಿತ್ತು ಅಂತ ಯೇಸು ಎಲ್ಲೂ ಹೇಳಲಿಲ್ಲ. ಆದರೆ ಆ ಪ್ರಾರ್ಥನೆಯನ್ನು ಇನ್ನೊಮ್ಮೆ ಓದಿ. ಅದರಲ್ಲಿ ಒಂದೇ ಒಂದು ಬೇಡಿಕೆ ಇಲ್ಲ. ಮನುಷ್ಯ ದೇವಾಲಯಕ್ಕೆ ಬಂದದ್ದು ವಾರ್ಷಿಕ ವರದಿ ಓದಲಿಕ್ಕೆ, ಓದಿದ, ಹೋದ. ದೂರದಲ್ಲಿ ಎದೆ ಬಡಿದುಕೊಳ್ಳುತ್ತಿದ್ದ ಸುಂಕದವನ ಹತ್ತಿರ ಓದಲಿಕ್ಕೆ ವರದಿಯೇ ಇರಲಿಲ್ಲ, ಪಾಪ.

ಹಾಗಂತ ಪಾಪಗಳ ಪಟ್ಟಿ ಉದ್ದ ಮಾಡಿದರೆ ಕೆಲಸ ಆಯಿತು ಅಂದುಕೊಳ್ಳಬೇಡಿ. ಮಾರ್ಟಿನ್ ಲೂಥರ್ ಸನ್ಯಾಸಿಯಾಗಿದ್ದಾಗ ಒಮ್ಮೊಮ್ಮೆ ಆರು ಗಂಟೆ ಹೊತ್ತು ಪಾಪನಿವೇದನೆ ಮಾಡುತ್ತಿದ್ದರಂತೆ. ಎದ್ದು ಹೋದ ಮೇಲೂ ಏನೋ ಬಿಟ್ಟುಹೋಯಿತೆಂಬ ದಿಗಿಲು. ಗುರುಗಳಾದ ಸ್ಟಾಪಿಟ್ಸ್ ಅವರಿಗೆ ಸಾಕುಸಾಕಾಗಿತ್ತು. ಫರಿಸಾಯ ಪುಣ್ಯದ ಲೆಕ್ಕ ಬರೆದ, ಲೂಥರ್ ಪಾಪದ ಲೆಕ್ಕ ಬರೆದರು. ಪುಸ್ತಕ ಒಂದೇ, ಪುಟ ಬೇರೆ. ಲೆಕ್ಕ ತಾನೇ ಚುಕ್ತಾ ಮಾಡಬೇಕೆಂಬ ಹಟ ಇರುವ ತನಕ ಕೃಪೆಗೆ ಏನು ಕೆಲಸ?

ಇನ್ನು ಜಾನ್ ನ್ಯೂಟನ್. 'ಅಮೇಜಿಂಗ್ ಗ್ರೇಸ್' ಬರೆದ ಪುಣ್ಯಾತ್ಮ. 1748ರಲ್ಲಿ ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಸಿಕ್ಕಿ, ಹಡಗಿಗೆ ನೀರು ನುಗ್ಗಿದಾಗ, ಅಲ್ಲಿಯವರೆಗೆ ದೇವರನ್ನು ಗೇಲಿ ಮಾಡುತ್ತಿದ್ದ ಈ ನಾವಿಕ ದೇವರೇ ಕರುಣಿಸು ಅಂದ. ಬದುಕಿಯೂ ಬಂದ. ಪ್ರಸಂಗಗಳಲ್ಲಿ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಆಮೆನ್ ಹೇಳಿಬಿಡುವುದು ವಾಡಿಕೆ. ಮುಂದಿನದು ಸ್ವಲ್ಪ ಮುಜುಗರದ್ದು ನೋಡಿ. ಅದಾದ ಮೇಲೆಯೇ ಅವನು ಗುಲಾಮರನ್ನು ಸಾಗಿಸುವ ಹಡಗಿಗೆ ಕಪ್ತಾನನಾದದ್ದು! ಭಾನುವಾರ ಮೇಲೆ ನಾವಿಕರಿಗೆಲ್ಲ ಪ್ರಾರ್ಥನೆ ನಡೆಸುತ್ತಿದ್ದ; ಕೆಳಗೆ ಸರಪಳಿ ಬಿಗಿದ ಮನುಷ್ಯರು. 1754ರಲ್ಲಿ ಕಡಲು ಬಿಟ್ಟದ್ದೂ ಕಾಯಿಲೆ ಬಿದ್ದು, ಮನಸ್ಸು ಕರಗಿ ಅಲ್ಲ. ಮುಂದೆ ಪಾದ್ರಿಯಾದ. 1773ರ ಹೊಸ ವರ್ಷದ ಆರಾಧನೆಗೆ ಆ ಹಾಡು ಬಂತು. ಗುಲಾಮ ವ್ಯಾಪಾರದ ವಿರುದ್ಧ, ತನ್ನ ಪಾಲನ್ನೂ ಒಪ್ಪಿಕೊಂಡು, ಪುಸ್ತಿಕೆ ಅಚ್ಚು ಹಾಕಿಸಿದ್ದು 1788ರಲ್ಲಿ. ಬಿರುಗಾಳಿಗೂ ಪುಸ್ತಿಕೆಗೂ ನಡುವೆ ನಲವತ್ತು ವರ್ಷ!

ಇದನ್ನು ಕೇಳಿ ಕೆಲವರು, ಹಾಗಾದರೆ ಅವನ ಪಶ್ಚಾತ್ತಾಪವೇ ಡೋಂಗಿ ಅನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬಿರುಗಾಳಿಯಲ್ಲಿ ಅವನು ಕೇಳಿದ್ದು ಪ್ರಾಣ. ಪ್ರಾಣ ಬೇಕೆಂದು ತಿಳಿಯಲು ಉಪ್ಪುನೀರು ಮೂಗಿಗೆ ಬಂದರೆ ಸಾಕು. ಪ್ರಾರ್ಥನೆ ಮಾಡುತ್ತಿರುವ ತನ್ನ ಕಾಲ ಕೆಳಗೇ ಏನಿದೆ ಎಂದು ಕಾಣಲಿಕ್ಕೂ ಕೃಪೆ ಬೇಕು. ಅದು ಬೇಕೆಂದು ಗೊತ್ತಾಗಲು ತಲೆ ನರೆಯಬೇಕಾಯಿತು. ಬ್ರಿಟಿಷ್ ಪಾರ್ಲಿಮೆಂಟು ಆ ವ್ಯಾಪಾರವನ್ನು ನಿಷೇಧಿಸಿದ 1807ರಲ್ಲೇ ಮುದುಕ ತೀರಿಕೊಂಡ.

ಹಾಡು ಮಾತ್ರ ಲೋಕವೆಲ್ಲ ಸುತ್ತಿತು. ಆದರೆ ಅದರಲ್ಲಿ ನ್ಯೂಟನ್ ತನ್ನನ್ನು ನೀಚನೆಂದು ಕರೆದುಕೊಂಡಿದ್ದಾನಲ್ಲ, ಅದು ಇತ್ತೀಚಿನ ಕೆಲವು ಸಂಪಾದಕರಿಗೆ ಕಸಿವಿಸಿಯಾಯಿತು. ಹಾಡುವವರ ಮನಸ್ಸಿಗೆ ನೋವಾಗಬಾರದಲ್ಲವೇ? ಅಲ್ಲೊಂದು ಇಲ್ಲೊಂದು ಇಂಗ್ಲಿಷ್ ಗೀತಪುಸ್ತಕದಲ್ಲಿ ಆ ಪದ ಕಿತ್ತು ಯಾರಿಗೂ ಚುಚ್ಚದಂಥದ್ದನ್ನು ಕೂರಿಸಿದ್ದಾರೆ. ನೀಚ ಹೋದ, ಕೃಪೆ ಮಾತ್ರ ಅದ್ಭುತವಾಗಿಯೇ ಉಳಿದಿದೆ. ಇಷ್ಟು ಒಳ್ಳೆಯವರ ಮೇಲೆ ಕೃಪೆ ಬಂದರೆ ಅದರಲ್ಲಿ ಅದ್ಭುತ ಏನಪ್ಪಾ?