ರಸ್ತೆ ಬೇಕು, ಹತ್ತು ಮಾರು ಆಚೆ

ರಸ್ತೆ ಬೇಡ ಎಂದು ಇವರು ಜನ್ಮದಲ್ಲಿ ಹೇಳಿದವರಲ್ಲ. ಯಾರಾದರೂ ಹಾಗೆಂದುಬಿಟ್ಟರೆ ಮೊದಲು ಸಿಟ್ಟಾಗುವವರೂ ಇವರೇ. ‘ನಾವು ಅಭಿವೃದ್ಧಿಯ ವಿರೋಧಿಗಳಲ್ಲ’ ಎಂಬುದು ಇವರ ಮನವಿಯ ಮೊದಲ ಸಾಲು. ಎರಡನೆಯ ಸಾಲು ‘ಆದರೆ’ ಎಂದು ಶುರುವಾಗುತ್ತದೆ. ಆ ಆದರೆಯ ಬಾಲಕ್ಕೆ ಮೂರು ಪುಟ ಒಕ್ಕಣೆ, ಸ್ಕೇಲು ಹಿಡಿದು ಬರೆದ ಒಂದು ನಕ್ಷೆ, ಐವತ್ತರವತ್ತು ಸಹಿ. ಅಷ್ಟನ್ನೂ ಹಿಂಡಿದರೆ ಉಳಿಯುವುದು ಇಷ್ಟೇ: ರಸ್ತೆ ಬರಲಿ, ಹತ್ತು ಮಾರು ಆಚೆ ಬರಲಿ.

ಕೊಪ್ಪದಲ್ಲಿ ಇವರು ಗೌಡ್ರು, ಶೃಂಗೇರಿಯಲ್ಲಿ ಭಟ್ರು. ಎನ್.ಆರ್. ಪುರದ ಕಡೆ ಹೋದರೆ ಕೇರಳದಿಂದ ಬಂದು ರಬ್ಬರ್ ಹಾಕಿದ ಚೇಟನೂ ಆಗಿರಬಹುದು. ಜಾತಿ ಯಾವುದೇ ಇರಲಿ, ಪಕ್ಷ ಯಾವುದೇ ಇರಲಿ, ದೂರದಿಂದಲೇ ಗುರುತು ಸಿಗುತ್ತದೆ. ಜೇಬಿನಲ್ಲಿ ಎರಡು ಪೆನ್ನು, ಒಂದು ತಮಗೆ, ಇನ್ನೊಂದು ಸಹಿ ಹಾಕುವವರಿಗೆ. ಕಂಕುಳಲ್ಲಿ ಒಂದು ಫೈಲು. ಮಳೆಗೆ ನೆನೆಯದಂತೆ ಅದಕ್ಕೊಂದು ಪ್ಲಾಸ್ಟಿಕ್ ಕೊಟ್ಟೆ, ಆ ಕೊಟ್ಟೆಗೆ ಇನ್ನೊಂದು ಕೊಟ್ಟೆ. ಒಳಗೆ ಪಹಣಿ, ಟಿಪ್ಪಣಿ, ಆಕಾರ್‌ಬಂದ್, ಅಜ್ಜನ ಕಾಲದ ಗೇಣಿ ಚೀಟಿ. ರೆಕಾರ್ಡ್ ರೂಮಿನಲ್ಲಿ ‘ಕಡತ ಲಭ್ಯವಿಲ್ಲ’ ಎಂದು ಹಿಂಬರಹ ಕೊಟ್ಟ ಗುಮಾಸ್ತರೇ ಸಂಜೆ ಇವರ ಮನೆಗೆ ಬಂದು ಜೆರಾಕ್ಸ್ ಮಾಡಿಸಿಕೊಂಡು ಹೋಗುವುದುಂಟು.

ಇಂಥವರು ಬಯಲುಸೀಮೆಯಲ್ಲಿ ಇಷ್ಟು ದಟ್ಟವಾಗಿ ಯಾಕೆ ಬೆಳೆಯುವುದಿಲ್ಲ ಎಂದರೆ ಅಲ್ಲಿ ಜಾಗ ಇದೆ. ನಮ್ಮಲ್ಲಿ ಒಂದು ಮಗ್ಗುಲಿಗೆ ದರೆ, ಇನ್ನೊಂದು ಮಗ್ಗುಲಿಗೆ ಹಳ್ಳ. ನಡುವೆ ದೇವರು ಮರೆತು ಬಿಟ್ಟುಹೋದ ಅಂಗೈಯಗಲ ಸಪಾಟು. ಮನೆ, ಅಂಗಳ, ಕೊಟ್ಟಿಗೆ, ನಾಗರಬನ, ಅಡಿಕೆ ತೋಟ ಎಲ್ಲವೂ ಅಷ್ಟರಲ್ಲೇ ಆಗಬೇಕು. ರಸ್ತೆಗೂ ಅದೇ ಬೇಕು. ಎಂಜಿನಿಯರ್ ದಿಲ್ಲಿಯಿಂದ ಬಂದರೂ ಇಲ್ಲಿಯವರೇ ಆದರೂ ಗೂಟ ಹೊಡೆಯುವುದು ಅಲ್ಲಿಗೇ.

ಶಿವಮೊಗ್ಗದಿಂದ ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಕೆರೆಕಟ್ಟೆ ದಾಟಿ ಕಾರ್ಕಳದ ಮೇಲೆ ಮಂಗಳೂರಿಗೆ ಇಳಿಯುವ ಹೆದ್ದಾರಿಗೆ ಈಗ 169 ಎಂದು ನಂಬರು. ಇವರ ಬಾಯಲ್ಲಿ ಅದು ಇವತ್ತಿಗೂ ಹಳೆಯ 13. ಜಾಗದ ಗುರುತು ಹೇಳುವ ಕ್ರಮವೂ ಹಾಗೆಯೇ. ಇಲಾಖೆಯವರು ಚೈನೇಜ್ ಎಷ್ಟು ಎಂದು ಕೇಳಿದರೆ ಇವರು, ‘ಸಹಕಾರ ಸಾರಿಗೆ ಬಸ್ಸು ನಿಲ್ತಿತ್ತಲ್ಲ ಸಾರ್, ಆ ಹಲಸಿನ ಮರದಿಂದ ಸ್ವಲ್ಪ ಕೆಳಗೆ’ ಎನ್ನುತ್ತಾರೆ. ಶಂಕರ್ ಕಂಪನಿ ಮುಚ್ಚಿದಾಗ ಅದರ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಕಟ್ಟಿದ ಸಹಕಾರ ಸಾರಿಗೆ 2020ರಲ್ಲಿ ಓಡಾಟ ನಿಲ್ಲಿಸಿತು. ಹಲಸಿನ ಮರ ಅದಕ್ಕೂ ಮೊದಲೇ ಹೋಗಿತ್ತು. ಇವರಿಗೆ ಎರಡೂ ಕಾಣಿಸುತ್ತವೆ.

1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆ ಇವರಿಗೆ ಮಗ್ಗಿಯಷ್ಟು ಬಾಯಿಪಾಠ. 3ಎ ಎಂದರೆ ಭೂಸ್ವಾಧೀನ ಮಾಡುತ್ತೇವೆಂಬ ಸೂಚನೆ. ಅದು ಪ್ರಕಟವಾದ 21 ದಿನದೊಳಗೆ 3ಸಿ ಪ್ರಕಾರ ಆಕ್ಷೇಪಣೆ ಸಲ್ಲಿಸಬೇಕು, ವಿಚಾರಣೆ ಆಗಬೇಕು. 3ಡಿ ಬಂತೆಂದರೆ ಜಾಗ ಸರ್ಕಾರದ್ದು. ಊರಿನವರೆಲ್ಲ ಪೇಪರಿನಲ್ಲಿ ಅಡಿಕೆ ಧಾರಣೆ ನೋಡಿ ಮಡಚಿಟ್ಟರೆ ಇವರು ಭೂತಗನ್ನಡಿ ಹಿಡಿದು ಜಾಹೀರಾತಿನ ಸರ್ವೆ ನಂಬರುಗಳ ಮೇಲೆ ಬೆರಳಾಡಿಸುತ್ತಾರೆ. ತಮ್ಮ ನಂಬರು ಸಿಕ್ಕಿದರೆ ಗಾಬರಿ ಸಹಜ. ಸಿಗದೇ ಹೋದರೆ ಅದಕ್ಕಿಂತ ಹೆಚ್ಚಿನ ಗಾಬರಿ: ‘ಹಾಗಾದ್ರೆ ರಸ್ತೆ ಎಲ್ಲಿ ಹೋಯ್ತು?’

ಸಹಿ ಸಂಗ್ರಹ ಹಾಲಿನ ಡೈರಿಯಲ್ಲಿ, ಸೊಸೈಟಿಯ ಜಗಲಿಯಲ್ಲಿ, ವೈಕುಂಠ ಸಮಾರಾಧನೆಯ ಊಟದ ಪಂಕ್ತಿಯಲ್ಲಿ ನಡೆಯುತ್ತದೆ. ಕೈ ತೊಳೆದು ಬಂದವರು ಎಲೆ ಅಡಿಕೆ ಹಾಕಿಕೊಳ್ಳುವ ಮೊದಲು ಸಹಿ ಹಾಕಿರುತ್ತಾರೆ. ಮೊದಲ ಸಹಿ ಸಾಮಾನ್ಯವಾಗಿ ಪಕ್ಕದ ಮನೆಯವರದು. ಆ ಹತ್ತು ಮಾರು ಆಚೆ ಎಂದರೆ ತಮ್ಮ ಕೊಟ್ಟಿಗೆ ಎಂದು ಅವರಿಗೆ ತಿಳಿಯುವುದು ಮೂರನೆಯ ಪುಟಕ್ಕೆ ಪಿನ್ನು ಹೊಡೆದ ನಕ್ಷೆ ಕಣ್ಣಿಗೆ ಬಿದ್ದಾಗ. ಅಷ್ಟು ಹೊತ್ತಿಗೆ ಅದು ಜಿಲ್ಲಾಧಿಕಾರಿ ಕಚೇರಿಯಲ್ಲಿ ಸ್ವೀಕೃತಿ ಮುದ್ರೆ ಹಾಕಿಸಿಕೊಂಡಿರುತ್ತದೆ. ಅವರೂ ಸುಮ್ಮನಿರುವವರಲ್ಲ. ಇನ್ನೊಂದು ಮನವಿ, ಇನ್ನೊಂದು ನಕ್ಷೆ, ಇನ್ನೂ ಹತ್ತು ಮಾರು ಆಚೆ. ಹೀಗೆ ಒಬ್ಬೊಬ್ಬರೂ ತಳ್ಳುತ್ತಾ ಹೋದರೆ ರಸ್ತೆ ಕೊನೆಗೆ ತುಂಗೆಯ ದಡಕ್ಕೆ ಬಂದು ನಿಲ್ಲುತ್ತದೆ. ಹೊಳೆಗೆ ಪಹಣಿ ಇಲ್ಲ, ಹಾಗಾಗಿ ಅವಳಿಂದ 21 ದಿನದೊಳಗೆ ಆಕ್ಷೇಪಣೆ ಬರುವುದಿಲ್ಲ. ಆಷಾಢದಲ್ಲಿ ಬರುತ್ತದೆ. ಮಳೆಗಾಲದಲ್ಲಿ ಶೃಂಗೇರಿಯ ಗಾಂಧಿ ಮೈದಾನದ ಮೇಲೆ ಹೊಳೆ ಹರಿಯುವುದನ್ನು ನೋಡಿದವರಿಗೆ ಅವಳ ಒಕ್ಕಣೆ ಗೊತ್ತು.

ಪೇಟೆಯೊಳಗೆ ಇದೇ ತಳಿಯ ಇನ್ನೊಂದು ಬಗೆ ಇದೆ. ರಸ್ತೆ ಅಗಲ ಮಾಡುತ್ತೇವೆ ಎಂದರೆ ‘ಅಂಗಡಿ ಒಡೀಬೇಡಿ, ಬೈಪಾಸ್ ಮಾಡಿ’ ಎನ್ನುತ್ತದೆ. ಬೈಪಾಸ್ ಎಂದ ಕೂಡಲೇ ‘ಗಿರಾಕಿಗಳೆಲ್ಲ ಹೊರಗಿಂದ ಹೊರಗೇ ಹೋದ್ರೆ ನಾವು ಬಾಗಿಲು ಹಾಕೋದಾ?’ ಎನ್ನುತ್ತದೆ. ಕಾರು ಅಂಗಡಿಯ ಮುಂದೆ ಹಾಯಬೇಕು, ನಿಲ್ಲಬೇಕು, ಟ್ರಾಫಿಕ್ ಮಾತ್ರ ಆಗಬಾರದು. ಇಂಥ ಅಲೈನ್‌ಮೆಂಟ್ ಹಾಕಬಲ್ಲ ಎಂಜಿನಿಯರ್ ಇನ್ನೂ ಹುಟ್ಟಿಲ್ಲ.

ನಮ್ಮವರ ನಿಜವಾದ ಕಸುಬು ಗೊತ್ತಾಗುವುದು ಸ್ಥಳ ಪರಿಶೀಲನೆಯ ದಿನ. ಆ ದಿನ ಜೂನ್ ಕೊನೆಗೇ ಬೀಳುವಂತೆ ಇವರು ನೋಡಿಕೊಂಡಿರುತ್ತಾರೆ. ಶೂ ಹಾಕಿಕೊಂಡು ಬಂದ ಎಂಜಿನಿಯರಿಗೆ ಮೊದಲು ‘ಬನ್ನಿ ಬನ್ನಿ, ಆಸ್ರಿಗೆ ಎಂತ ಕುಡೀತೀರಿ?’ ಎಂಬ ಉಪಚಾರ, ಕಾಫಿ, ಎರಡು ಕಡುಬು. ಆಮೇಲೆ ದಣಪೆ ದಾಟಿಸಿ ತೋಟದ ಒಳಗೆ. ತಮಗೆ ಬೇಡವಾದ ಗೆರೆಯ ಮೇಲೆ, ಅಗಳಿನ ಅಂಚಿನಲ್ಲಿ, ಇಂಬಳ ಬಿದ್ದುಕೊಂಡಿರುವ ತರಗೆಲೆಯ ಮೇಲೆಯೇ ನಡೆಸುತ್ತಾರೆ. ಅರ್ಧ ಗಂಟೆಗೆ ಎಂಜಿನಿಯರ್ ಸಾಹೇಬರು ಒಂದು ಕಾಲ ಮೇಲೆ ನಿಂತು ಕಾಲುಚೀಲ ಬಿಚ್ಚುತ್ತಿರುತ್ತಾರೆ. ಹಿಮ್ಮಡಿಯ ಹತ್ತಿರ ದ್ರಾಕ್ಷಿಯಷ್ಟು ಊದಿಕೊಂಡು ಒಂದು, ಬೆರಳ ಸಂದಿಯಲ್ಲಿ ಇನ್ನೊಂದು. ಇವರು ನಿಧಾನವಾಗಿ ಮಡಿಲ ಚೀಲದಿಂದ ಸುಣ್ಣದ ಡಬ್ಬಿ ತೆಗೆದು ಒಂದು ಚಿಟಿಕೆ ಮುಟ್ಟಿಸುತ್ತಾರೆ. ‘ಈ ಲೈನಿನಲ್ಲಿ ಎಲ್ಲಾ ಹೀಗೇ ಸಾರ್. ಆಚೆ ಕಡೆ ಒಂದೂ ಇಲ್ಲ.’

ಆದರೆ ಇವರನ್ನು ಪೂರ್ತಿ ನಗೆಗೆ ಬಿಟ್ಟುಕೊಟ್ಟರೆ ತಪ್ಪಾಗುತ್ತದೆ. ಮೂರು ಪುಟದ ಒಕ್ಕಣೆಯಲ್ಲಿ ಎರಡೂಮುಕ್ಕಾಲು ಪುಟ ತಮ್ಮ ತೋಟದ ಚಿಂತೆಯಾದರೂ ಉಳಿದ ಕಾಲು ಪುಟದಲ್ಲಿ ಯಾವ ಉಪಗ್ರಹ ಚಿತ್ರಕ್ಕೂ ಸಿಗದ ಸಂಗತಿ ಇರುತ್ತದೆ. ಬೇಸಗೆಯಲ್ಲಿ ಒಣಗಿ ಬಿದ್ದಿರುವ ಈ ಓಣಿ ಆರಿದ್ರೆ ಮಳೆಗೆ ಹಳ್ಳವಾಗುತ್ತದೆ, ಒಂದು ಅಡಿ ಪೈಪಿನ ಮೋರಿ ಸಾಲುವುದಿಲ್ಲ. ಈ ದರೆಯ ಒಳಗೆ ಜಲ ಇದೆ, ನೆಟ್ಟಗೆ ಕಡಿದರೆ ಮೊದಲ ಮಳೆಗಾಲಕ್ಕೇ ಮರದ ಸಮೇತ ಕೂರುತ್ತದೆ. ಹಾಗೆಯೇ ಕೂರುತ್ತದೆ ಕೂಡ. ಶೃಂಗೇರಿಯಿಂದ ನೆಮ್ಮಾರು, ಕೆರೆಕಟ್ಟೆ ಕಡೆಗೆ ಮಳೆಗಾಲದಲ್ಲಿ ಹೋದವರು ಕುಸಿದ ಮಣ್ಣು ಬಗೆಯುವ ಜೆಸಿಬಿಯ ಹಿಂದೆ ಸಾಲುಗಟ್ಟಿ ನಿಂತ ಅನುಭವಸ್ಥರೇ. ಕಿಗ್ಗದ ಋಷ್ಯಶೃಂಗನಿಗೆ ಮಳೆ ಬರಲಿ ಎಂದೂ ನಿಲ್ಲಲಿ ಎಂದೂ ಹರಕೆ ಹೊರುವ ಸೀಮೆ ಇದು. ಆ ಕಾಲು ಪುಟವನ್ನು ಮೊದಲ ಪುಟ ಮಾಡಿದ್ದರೆ ಯಾರಾದರೂ ಓದುತ್ತಿದ್ದರೇನೋ.

ಕೋರ್ಟಿನ ದಾರಿಯೂ ಇವರಿಗೆ ಗೊತ್ತು. ಮಂಗಳೂರು ಭಾಗದಲ್ಲಿ 13, 17 ಮತ್ತು 48ನೇ ಹೆದ್ದಾರಿಗಳ ವಿಸ್ತರಣೆಗೆ ಜಾಗ ಹೋದವರು ಹೈಕೋರ್ಟಿನಲ್ಲಿ ಗೆದ್ದಿದ್ದರು. 2011ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿ, ಯಾವ ಅಲೈನ್‌ಮೆಂಟ್ ಸರಿ ಎಂದು ತೀರ್ಮಾನಿಸುವುದು ನ್ಯಾಯಾಲಯದ ಕೆಲಸವಲ್ಲ, ತಜ್ಞರ ಕೆಲಸ ಎಂದಿತು. ಬೇರೆಯವರಾಗಿದ್ದರೆ ಅಲ್ಲಿಗೇ ಫೈಲು ಕಟ್ಟಿಡುತ್ತಿದ್ದರು. ಇವರು ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಮನವಿಗೇ ಲಗತ್ತಿಸಿದರು. ‘ನಾನೂ ಅದೇ ಹೇಳ್ತಿರೋದು ಮಾರಾಯ್ರೇ. ನಲವತ್ತು ಮಳೆಗಾಲ ಈ ಹಳ್ಳ ನೋಡಿದವ ತಜ್ಞ ಅಲ್ದೆ ಮತ್ತೆಂತ?’

ಫೈಲು ಕೊಪ್ಪದಿಂದ ಚಿಕ್ಕಮಗಳೂರಿಗೆ, ಅಲ್ಲಿಂದ ಬೆಂಗಳೂರಿಗೆ, ಅಲ್ಲಿಂದ ‘ಹೆಚ್ಚಿನ ಪರಿಶೀಲನೆಗಾಗಿ’ ಮತ್ತೆ ಕೊಪ್ಪಕ್ಕೆ ತಿರುಗುತ್ತದೆ. ಎಂಜಿನಿಯರುಗಳು ವರ್ಗವಾಗುತ್ತಾರೆ. ಈ ನಡುವೆ ಇವರ ತೋಟದಲ್ಲಿ ಮೊದಲು ಒಂದು ಮೂಲೆ, ಆಮೇಲೆ ಅರ್ಧ, ಆಮೇಲೆ ಪೂರ್ತಿ ಹಳದಿಯಾಗುತ್ತದೆ. ಹಳದಿ ಎಲೆ ರೋಗಕ್ಕೆ ಔಷಧವಿಲ್ಲ. ಈ ಮೂರು ತಾಲ್ಲೂಕಿನಲ್ಲಿ ಅದು ಎಷ್ಟು ಮನೆಗಳ ವರಮಾನ ತಿಂದಿದೆ ಎಂದು ಯಾರನ್ನು ಕೇಳಿದರೂ ಹೇಳುತ್ತಾರೆ. ಒಂದು ರಾತ್ರಿ ಇವರು ಹೊಸ ಭೂಸ್ವಾಧೀನ ಕಾಯ್ದೆಯ ಲೆಕ್ಕ ಹಾಕುತ್ತಾ ಕೂರುತ್ತಾರೆ: ಗ್ರಾಮಾಂತರವಾದರೆ ಮಾರುಕಟ್ಟೆ ಬೆಲೆಯ ಎರಡು ಪಟ್ಟಿನವರೆಗೆ, ಅದರ ಮೇಲೆ ಶೇ 100 ಸೊಲೇಷಿಯಂ. ಹೆಂಡತಿಯನ್ನು ಎಬ್ಬಿಸಿ ಮಗ್ಗಿ ಸರಿಯಿದೆಯೇ ಎಂದು ಕೇಳುತ್ತಾರೆ.

ಮರುದಿನದ ಮನವಿಯ ಮೊದಲ ಸಾಲು ಹಳೆಯದೇ, ನಾವು ಅಭಿವೃದ್ಧಿಯ ವಿರೋಧಿಗಳಲ್ಲ. ಎರಡನೆಯ ಸಾಲಿನಲ್ಲಿ ‘ಆದರೆ’ ಇಲ್ಲ, ‘ಆದ್ದರಿಂದ’ ಇದೆ. ಮೊದಲು ಹಾಕಿದ ಅಲೈನ್‌ಮೆಂಟೇ ವೈಜ್ಞಾನಿಕವಾದದ್ದು, ಜಲ ಗಿಲ ಏನೂ ಇಲ್ಲ, ದರೆ ಗಟ್ಟಿ ಇದೆ, ರಸ್ತೆ ನಮ್ಮ ತೋಟದ ಮೇಲೆಯೇ ಹೋಗತಕ್ಕದ್ದು. ಅದನ್ನು ಹಿಡಿದು ಕಚೇರಿಗೆ ಹೋದರೆ ಹೊಸದಾಗಿ ಬಂದ ಎಂಜಿನಿಯರ್ ಎದ್ದು ನಿಂತು ಕೈ ಕುಲುಕುತ್ತಾರೆ.

‘ಯಜಮಾನ್ರೇ, ಇಷ್ಟು ವರ್ಷ ಓಡಾಡಿದ್ದು ಸಾರ್ಥಕ ಆಯ್ತು ನೋಡಿ. ನೀವು ಕೇಳಿದ ಹಾಗೇ ಆಚೆಗೆ ಮಾಡಿದ್ದೇವೆ. ಪ್ರಕಟಣೆ ನಾಳೆ ಪೇಪರಿನಲ್ಲಿ ಬರುತ್ತೆ.’

ಇವರು ಕೊಟ್ಟೆಯೊಳಗಿನ ಕೊಟ್ಟೆಗೆ ಮನವಿಯನ್ನು ಮೆಲ್ಲಗೆ ತುರುಕಿ, ಜೇಬಿನ ಎರಡನೆಯ ಪೆನ್ನು ಮುಟ್ಟಿ ನೋಡಿಕೊಂಡು ಕೇಳುತ್ತಾರೆ:

‘ಇದಕ್ಕೂ ಇಪ್ಪತ್ತೊಂದು ದಿನ ಉಂಟಲ್ಲ ಸಾರ್?’