ಮೂಷಿಕವಿಶ್ರಾಂತಿ ಮೀಮಾಂಸೆ

ಇಲಿಯೊಡನೆ ಆಡುತ್ತ ದಣಿವಾರಿಸಿಕೊಳ್ಳುವ ವಿದ್ಯೆಗೆ ಪ್ರಾಚೀನರು ಶಾಸ್ತ್ರ ಬರೆದಂತಿಲ್ಲ. ಬರೆದಿದ್ದರೂ ಆ ಓಲೆಗರಿಯನ್ನು ಇಲಿಯೇ ತಿಂದಿರಬೇಕು. ಆ ಕೊರತೆ ನೀಗಲು ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಓದುಗರಿಗಾಗಿ ಈ ಕಿರುಗ್ರಂಥ.

ಮೊದಲು ಶಾಸ್ತ್ರಬಾಹ್ಯ ಇಲಿಗಳನ್ನು ವಿಂಗಡಿಸಿ ಆಚೆಗಿಡಬೇಕು. ರೇಷ್ಮೆ ಹುಳುಮನೆಗೆ ನುಗ್ಗಿ ಚಂದ್ರಿಕೆಯ ಗೂಡು ಹರಿದು ಒಳಗಿನದನ್ನು ತಿನ್ನುವುದು ಒಂದು. ಗದ್ದೆಯ ಬದುವಿನಲ್ಲಿ ಬಿಲ ತೋಡಿ ತೆನೆ ಕೂಡಿಡುವುದು ಇನ್ನೊಂದು. ಅಟ್ಟದ ರಾಗಿ ಮೂಟೆಗೆ ತೂತು ಕೊರೆಯುವುದು ಮೂರನೆಯದು. ಇವುಗಳೊಡನೆ ನಮ್ಮ ವ್ಯವಹಾರವೆಲ್ಲ ಇಲಿಬೋನು, ಪಾಷಾಣಗಳ ಮೂಲಕ. ಹಿಡಿದು ಸಾಕುವ ಮಾತೇ ಬೇಡ, ಇಲಿಜ್ವರ ಹರಡುವುದು ಇವುಗಳ ಮೂತ್ರದಿಂದ.

ಅಧಿಕಾರವಿರುವುದು ಪಂಜರದಲ್ಲೇ ಹುಟ್ಟಿ ಬೆಳೆದ ಸಾಕಿಲಿಗೆ ಮಾತ್ರ. ಇದರ ಮೂಲಪುರುಷ ಕಂದು ಇಲಿ. 19ನೇ ಶತಮಾನದ ಲಂಡನ್ನಿನಲ್ಲಿ, ವಿಕ್ಟೋರಿಯಾ ರಾಣಿಯ ಇಲಿ ಹಿಡಿಯುವವನು ತಾನೆಂದು ಹೇಳಿಕೊಳ್ಳುತ್ತಿದ್ದ ಜ್ಯಾಕ್ ಬ್ಲ್ಯಾಕ್, ಬಣ್ಣ ವಿಚಿತ್ರವಾಗಿದ್ದ ಇಲಿಗಳನ್ನು ಕೊಲ್ಲದೆ ಸಾಕಿ, ಮರಿ ಮಾಡಿಸಿ ಮಾರುತ್ತಿದ್ದ. ಕೊಲ್ಲುವವನೇ ಸಾಕಿದ್ದು ಈ ಶಾಸ್ತ್ರದ ಮೊದಲ ವಿರೋಧಾಭಾಸ.

ಆಟಕ್ಕೆ ಬಿಟ್ಟಾಗಿನ ನಡತೆಯಂತೆ ಸಾಕಿಲಿಗಳಲ್ಲಿ ಮುಖ್ಯ ಭೇದಗಳು ಹೀಗಿವೆ. ಹೆಗಲೇರಿ ಕಿವಿಗೆ ಮೀಸೆ ತಾಗಿಸುವುದು ಸ್ಕಂಧಾರೋಹಿ. ಅಂಗಿಯ ಜೇಬು ಕಂಡರೆ ತಲೆಕೆಳಗಾಗಿ ನುಗ್ಗಿ, ಬಾಲವೊಂದನ್ನೇ ಹೊರಗೆ ಬಿಟ್ಟು ಮಲಗುವುದು ಕೋಶವಾಸಿ. ಕೂರದೆ ನಿಲ್ಲದೆ ಗೋಡೆಯಂಚನ್ನೇ ಅಳೆಯುತ್ತ ಹೋಗುವುದು ಸರ್ವೆಯರ್; ಹೆಣ್ಣಿಲಿಗಳು ಹೆಚ್ಚಾಗಿ ಈ ಇಲಾಖೆಯವು. ಅಪಹಾರಿಗೆ ಹುರಿಗಡಲೆ ಕೊಟ್ಟರೆ ನಿಮ್ಮೆದುರು ತಿನ್ನುವುದಿಲ್ಲ, ಟ್ರಂಕಿನ ಹಿಂದಕ್ಕೆ ಸಾಗಿಸುತ್ತದೆ. ಅಲ್ಲಿ ಪೆನ್ನಿನ ಮುಚ್ಚಳ, ಅಂಗಿಯ ಗುಂಡಿ, ಬಸ್ ಟಿಕೆಟ್ ಎಲ್ಲವೂ ಜಮೆಯಾಗಿರುತ್ತವೆ.

ಇನ್ನು ಆನಂದಲಕ್ಷಣ. ನೆಮ್ಮದಿಯಾದ ಇಲಿ ಹಲ್ಲಿಗೆ ಹಲ್ಲು ಉಜ್ಜುತ್ತದೆ. ಸುಖ ಇನ್ನೂ ಏರಿದರೆ ಕಣ್ಣುಗುಡ್ಡೆಗಳು ಒಳಕ್ಕೂ ಹೊರಕ್ಕೂ ಪಟಪಟ ಕುಣಿಯುತ್ತವೆ. ದವಡೆಯ ಸ್ನಾಯು ಕಣ್ಣಿನ ಹಿಂದೆ ಹಾದುಹೋಗುವುದೇ ಇದಕ್ಕೆ ಕಾರಣ. ಕೊಳ್ಳೇಗಾಲವೆಂದರೆ ಮಾಟವೆಂದೇ ನಂಬಿರುವ ಪರವೂರ ನೆಂಟರ ಮುಂದೆ ಮಾತ್ರ ಇದನ್ನು ತೋರಿಸಬಾರದು. ಹೆದರಿದಾಗಲೂ ಇಲಿ ಹಲ್ಲು ಮಸೆಯುವುದುಂಟು; ಮೈ ಸಡಿಲವಾಗಿದ್ದರೆ ಆನಂದ, ಬಿಗಿದಿದ್ದರೆ ಭಯ.

ಇಲಿ ನಗುತ್ತದೆಯೇ? ನಗುತ್ತದೆ. ಕಚಗುಳಿ ಇಟ್ಟರೆ ಅದು 50 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಚಿಲಿಪಿಲಿಗುಟ್ಟುವುದನ್ನು ಅಮೆರಿಕದಲ್ಲಿ ಯಾಕ್ ಪ್ಯಾಂಕ್‌ಸೆಪ್ ತೋರಿಸಿಕೊಟ್ಟರು. ಮನುಷ್ಯನ ಕಿವಿ 20ಕ್ಕೇ ನಿಲ್ಲುತ್ತದೆ, ಹಾಗಾಗಿ ನಮ್ಮನ್ನು ನೋಡಿ ಅದೆಷ್ಟು ನಕ್ಕರೂ ನಮಗೆ ಗೊತ್ತಾಗುವುದಿಲ್ಲ. 2019ರಲ್ಲಿ ಬರ್ಲಿನ್ನಿನ ವಿಜ್ಞಾನಿಗಳು ಇಲಿಗಳಿಗೆ ಕಣ್ಣಾಮುಚ್ಚಾಲೆಯನ್ನೇ ಕಲಿಸಿದರು. ಗೆದ್ದದ್ದಕ್ಕೆ ತಿಂಡಿ ಕೊಡಲಿಲ್ಲ, ಕಚಗುಳಿಯೇ ಬಹುಮಾನ.

ಇಲ್ಲೊಂದು ಪೂರ್ವಪಕ್ಷ: ಹುಲಿಯೇರಿದ ಮಾದಪ್ಪನ ಸೀಮೆಯಲ್ಲಿ ಇಲಿಗೆ ಇಷ್ಟು ಮುದ್ದೇ? ನಮ್ಮ ಮನೆಯಲ್ಲಿ ಇದನ್ನು ಎತ್ತಿದ್ದು ಅಜ್ಜಿ, ಅದೂ ಇನ್ನೊಂದು ದಿಕ್ಕಿನಿಂದ: "ಗಣಪತಿ ವಾಹನವ ಕೂಡ್ ಹಾಕ್ಬುಟ್ಟಿದ್ದೀರಲ್ಲ, ಬುಡ್ರೋ ಅದ!" ಬಿಟ್ಟೆವು.

ಉತ್ತರ ಕೊಟ್ಟದ್ದು ಇಲಿ. ಆಡಿಸುವ ಮನುಷ್ಯರಲ್ಲಿ ಮೂರು ಜಾತಿ: ಹಿಡಿಯಲು ಹಿಂದೆ ಬೀಳುವ ಧಾವಕರು, ಫೋಟೊಗೆ ಕಾಯುವ ಮೊಬೈಲ್‌ಧಾರಿಗಳು, ಅಲುಗಾಡದೆ ಕೂರುವ ಸ್ಥಾಣುಗಳು. ಮೊದಲಿನ ಇಬ್ಬರಿಗೆ ಸಿಗುವುದು ಬಾಲದರ್ಶನ. ಕಾಲು ಚಾಚಿ, ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದ ಅಜ್ಜಿಯ ಬಳಿಗೆ ಅದು ತಾನೇ ಬಂತು. ಎರಡು ಕಾಳು ಕದ್ದು, ಸೆರಗಿನ ಮಡಿಕೆಯೊಳಗೆ ಹೊಕ್ಕು, ಹಲ್ಲು ಉಜ್ಜಲು ಶುರುಮಾಡಿತು. ಅಜ್ಜಿ ಬೈಯುತ್ತಲೇ ಇದ್ದರು, ಕಾಲು ಮಾತ್ರ ಮಡಚಲಿಲ್ಲ. ಇಲಿಯ ಸ್ನೇಹಕ್ಕೆ ಇದಕ್ಕಿಂತ ಮಿಗಿಲಾದ ಸಾಧನೆ ಬೇಕಿಲ್ಲ: ನೆಲದಲ್ಲಿ ಕೂತು ನಿಮ್ಮ ಪಾಡಿಗೆ ನೀವಿರಿ, ಅದರಲ್ಲೂ ಸಂಜೆಯ ಮೇಲೆ. ಅದು ಇಲಿಗೆ ಚುರುಕು ಬರುವ ಹೊತ್ತು.

ಸಾಕುವ ಮನಸ್ಸಾದವರಿಗೆ ಕಡೆಯ ಸೂತ್ರ: ಒಂಟಿ ಇಲಿ ಕೊರಗುತ್ತದೆ. ಒಂದೇ ಲಿಂಗದ ಎರಡನ್ನು ತನ್ನಿ, ಇಲ್ಲವಾದರೆ ಆರು ತಿಂಗಳಲ್ಲಿ ಮೂರು ತಾಲ್ಲೂಕಿಗೂ ಹಂಚಬೇಕಾದೀತು.