ಎಂಟೂ ಎಂಟೂ ನಾಕು

ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಗೆ ಧ್ವನಿವರ್ಧಕ ಹೊಸದೇನಲ್ಲ. 118 ಕಿ.ಮೀ. ಉದ್ದದ, 8,480 ಕೋಟಿ ರೂಪಾಯಿಯ ಬೆಂಗಳೂರು–ಮೈಸೂರು ದಶಪಥವನ್ನು 2023ರ ಮಾರ್ಚ್ 12ರಂದು ಪ್ರಧಾನಿ ಲೋಕಾರ್ಪಣೆ ಮಾಡಿದ್ದು ಇದೇ ಊರಿನ ಬಯಲಲ್ಲಿ. ಒಬ್ಬರು ಮಾತಾಡಬೇಕು, ಮಿಕ್ಕವರು ಇದ್ದಲ್ಲೇ ಕೇಳಿಸಿಕೊಳ್ಳಬೇಕು ಎಂಬ ಏರ್ಪಾಟು ಎಷ್ಟು ಸಲೀಸು ಅನ್ನುವುದನ್ನು ಊರು ಅವತ್ತು ಕಣ್ಣಾರೆ ಕಂಡಿತು. ಅದೇ ಏರ್ಪಾಟು ಈಗ ಮನೆಯೊಳಕ್ಕೂ ಕಾಲಿಟ್ಟಿದೆ.

ಹೈವೇ ಪಕ್ಕದ ಒಂದು ಮನೆ ಅಂದುಕೊಳ್ಳಿ. ಪರಿಹಾರದ ದುಡ್ಡಿನಲ್ಲಿ ಎದ್ದ ಎರಡಂತಸ್ತಿನ ತಾರಸಿ ಮನೆ, ಮೂವರು ಅಣ್ಣತಮ್ಮಂದಿರು. ಜಮೀನು ಮೂರು ಪಾಲಾಗಿದೆ, ಒಲೆ ಮೂರಾಗಿವೆ, ಹಸುಗಳಿಗೂ ಪಂಚಾಯ್ತಿ ಮುಗಿದಿದೆ. ಪಾಲಾಗದೆ ಉಳಿದಿರುವುದು ದೊಡ್ಡಣ್ಣ ಬೆಂಗಳೂರಿನ ಎಸ್.ಪಿ. ರೋಡಿನಿಂದ ಹೊತ್ತು ತಂದ, ಸ್ಪೀಕರುಗಳಿಗೆ ಹಾಡು ಕಳಿಸುವ ರಿಸೀವರ್ ಒಂದೇ. ಅವಿಭಕ್ತ ಕುಟುಂಬದ ಕೊನೆಯ ಕುರುಹು ಅಂತ ಅದರ ಮೇಲೆ ಕಸೂತಿ ಬಟ್ಟೆಯನ್ನೂ ಹೊದಿಸಿದ್ದಾರೆ. ಒಳಗಿನ ಬಿಸಿ ಹೊರಹೋಗಲು ಕಂಪನಿಯವರು ಕೊರೆದಿಟ್ಟ ಕಂಡಿಗಳು ಆ ಬಟ್ಟೆಯ ಅಡಿಯಲ್ಲೇ ಇವೆ.

ದೊಡ್ಡಣ್ಣನ ಘೋಷಣೆ ಸರಳ: ಡಬ್ಬ ಒಂದು, ಹಾಡು ಮನೆಗೆಲ್ಲ. ನಡುಮನೆಗೆ ಒಂದು ಜೊತೆ ಸ್ಪೀಕರ್, ನಡುವಿನ ತಮ್ಮನ ರೂಮಿಗೆ ಒಂದು ಜೊತೆ, ಮಹಡಿ ಮೇಲಿನ ಕಿರಿಯವನಿಗೆ ಒಂದು ಜೊತೆ, ಕೊಟ್ಟಿಗೆಗೂ ಒಂದು ಜೊತೆ. ಡಬ್ಬದ ಬೆನ್ನ ಮೇಲೆ ‘6ರಿಂದ 16 ಓಮ್’ ಎಂದು ಇರುವೆ ಗಾತ್ರದಲ್ಲಿ ಅಚ್ಚು ಹಾಕಿದ್ದಾರೆ. ಗೋಡೆಗೆ ಒರಗಿಸಿದ ಬೆನ್ನನ್ನು ಯಾರು ಓದುತ್ತಾರೆ? ಓದಿದವನು ವೈರ್ ಎಳೆಯಲು ಬಂದ ಮೈಕ್‌ಸೆಟ್ ಹುಡುಗ.

“ಅಣ್ಣೋ, ಒಂದ್ ಸ್ಪೀಕ್ರು ಎಂಟು ಓಮು. ಅದುರ್ ಪಕ್ಕುಕ್ಕೆ ಇನ್ನೊಂದ್ ಎಂಟು ಕಟ್ಟುದ್ರೆ ನಾಕಾಯ್ತದೆ. ನಾಕು ಸ್ಪೀಕ್ರು ಕಟ್ಟುದ್ರೆ ಎರಡೇಯ.”

“ಎಂಟೂ ಎಂಟೂ ಹದ್ನಾರು ಕಣ್ಲಾ. ಯಾವ ಇಸ್ಕೂಲ್ನಾಗೆ ಓದ್ದೆ ನೀನು?”

“ಹದ್ನಾರು ಬೇಕು ಅಂದ್ರೆ ಒಂದುರ್ ಬಾಲುಕ್ಕೆ ಇನ್ನೊಂದ ಕಟ್ಬೇಕು. ಆಗ ಸವುಂಡು ಸಣ್ಣುಕ್ಕಾಯ್ತದೆ. ಒಂದ್ ಸತ್ರೆ ಎರಡೂ ಸತ್ತಂಗೆ.”

ಹುಡುಗ ಹೇಳಿದ್ದರಲ್ಲಿ ತಪ್ಪಿಲ್ಲ. ಓಮ್ ಅಂದರೆ ತಡೆ. ಅಕ್ಕಪಕ್ಕ ಕಟ್ಟುತ್ತ ಹೋದಷ್ಟೂ ಕರೆಂಟಿಗೆ ದಾರಿ ಹೆಚ್ಚುತ್ತದೆ, ತಡೆ ಇಳಿಯುತ್ತದೆ, ಡಬ್ಬದಿಂದ ಎಳೆತ ಏರುತ್ತದೆ. ಇದನ್ನು ಮದ್ದೂರು ತಾಲ್ಲೂಕಿನ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಟಿಸಿ (ಟ್ರಾನ್ಸ್‌ಫಾರ್ಮರ್) ಕೂರಿಸುವಾಗ ಇಷ್ಟೇ ಪಂಪ್‌ಸೆಟ್ ಅಂತ ಲೆಕ್ಕ ಇರುತ್ತದೆ. ಲೆಕ್ಕದ ಆಚೆಯದೊಂದು ಕತ್ತಲಲ್ಲಿ ಕೊಕ್ಕೆ ಹಾಕುತ್ತದೆ, ಅದನ್ನು ನೋಡಿ ಇನ್ನೊಂದು. ನಾಟಿ ಹೊತ್ತಿಗೆ ಸರಿಯಾಗಿ ಟಿಸಿ ಸುಟ್ಟುಹೋಗುತ್ತದೆ. ಚೆಸ್ಕಾಂ ಕಚೇರಿ ಮುಂದೆ ಧರಣಿ ಕೂರುವವರ ಸಾಲಿನಲ್ಲಿ ಮೊದಲು ಕಾಣುವವನು ಕೊಕ್ಕೆ ಹಾಕಿದವನೇ. ಕೊಕ್ಕೆಗೆ ಸರ್ಕಾರದ ಬಳಿ ಅಕ್ರಮ–ಸಕ್ರಮ ಎಂಬ ಔಷಧಿಯಾದರೂ ಇತ್ತು. ರಿಸೀವರಿನೊಳಗಿನ ಟ್ರಾನ್ಸಿಸ್ಟರಿಗೆ ಮಂತ್ರಿಮಂಡಲದ ನಿರ್ಣಯ ಅನ್ವಯಿಸುವುದಿಲ್ಲ.

ಮಹಡಿಯವನಿಗೆ ಇನ್ನೊಂದು ಸೌಭಾಗ್ಯ. ಅವನ ಪಾಲಿಗೆ ಬಂದದ್ದು ಮದುವೆ ಮನೆಯ ಸೀರಿಯಲ್ ಸೆಟ್ಟಿನಿಂದ ಉಳಿದ ಸಪೂರ ವೈರ್. ಅರ್ಧ ಚದರ ಮಿಲಿಮೀಟರ್ ತಾಮ್ರ ಮೂವತ್ತು ಮೀಟರ್ ಹೋಗಿ ಬರುವಷ್ಟರಲ್ಲಿ ಎರಡು ಓಮ್‌ಗೂ ಮೇಲೆ ತಾನೇ ನುಂಗುತ್ತದೆ. ಅಣ್ಣ ಕಳಿಸಿದ ಹಾಡಿನಲ್ಲಿ ಒಂದು ಪಾಲು ಗೋಡೆಯ ಪೈಪಿನಲ್ಲೇ ಬಿಸಿಯಾಗಿ ಖರ್ಚಾಗುತ್ತದೆ. ಆದರೆ ಇದೇ ಸಪೂರ ವೈರಿನ ತಡೆಯೇ ಡಬ್ಬದ ಮೇಲಿನ ಎಳೆತವನ್ನೂ ಒಂದಿಷ್ಟು ತಗ್ಗಿಸುತ್ತದೆ. ಜಿಪುಣತನ ಮನೆಗೆ ಮಾಡಿದ ಉಪಕಾರ ಅದೊಂದೇ.

ಕೊಟ್ಟಿಗೆಯ ವಿಚಾರ ನಗುವಂಥದ್ದಲ್ಲ. ಇದು ಮನ್‌ಮುಲ್ ಡೇರಿ ಇರುವ ಊರು, ಇಲ್ಲಿ ಹಸುವಿನ ಮನಸ್ಸಿಗೂ ಬೆಲೆಯಿದೆ. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು 2001ರಲ್ಲೇ ಹೇಳಿದ್ದರು: ನಿಧಾನಗತಿಯ ಸಂಗೀತ ಕೇಳಿದ ಹಸು ದಿನಕ್ಕೆ 0.73 ಲೀಟರ್ ಹಾಲು ಹೆಚ್ಚು ಕೊಟ್ಟಿತು ಎಂದು. ಆದರೆ ರಿಸೀವರ್ ಒಂದೇ ಆದಾಗ ಹಾಡೂ ಒಂದೇ. ಬೆಳಿಗ್ಗೆ ಐದೂವರೆಗೆ ದೊಡ್ಡಣ್ಣನ ಸುಪ್ರಭಾತಕ್ಕೆ ಸರಿಯಾಗಿ ಕರೆದ ಹಸು, ಸಂಜೆ ಅವರ ಮಗ ಹಾಕುವ ಟಪ್ಪಾಂಗುಚ್ಚಿಗೆ ಬಿಂದಿಗೆ ಒದೆಯುತ್ತದೆ. ಡೇರಿಯ ಪುಸ್ತಕದಲ್ಲಿ ಸಂಜೆಯ ಲೆಕ್ಕ ಇಳಿದಿದ್ದಕ್ಕೆ ಬೈಸಿಕೊಳ್ಳುವವಳು ಮಾತ್ರ ಸೊಸೆ.

ಪರಿಹಾರ ಇಲ್ಲವೇ? ಹೇರಳವಾಗಿದೆ, ಜಿಲ್ಲೆಯ ಚರಿತ್ರೆಯಲ್ಲೇ ಇದೆ. 1902ರಲ್ಲಿ ಪಕ್ಕದ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿ.ಮೀ. ದೂರ ವಿದ್ಯುತ್ ಕಳಿಸಿದ್ದು ವೋಲ್ಟೇಜ್ ಏರಿಸಿ. ವೋಲ್ಟೇಜ್ ಏರಿದರೆ ಕರೆಂಟು ಕಮ್ಮಿ ಸಾಕು, ತಂತಿ ನುಂಗುವುದೂ ಕಮ್ಮಿ. (ದೀಪ ಮೊದಲು ಉರಿದದ್ದು ಗಣಿಯಲ್ಲಿ, ಕಂಬದ ಕೆಳಗಿನ ಹಳ್ಳಿಗಳು ಮೇಲೆ ನೋಡುತ್ತ ನಿಂತವು. ಅದು ಬೇರೆ ಕತೆ.) ಜಾತ್ರೆಯ ಮೈಕ್‌ಸೆಟ್ ಇವತ್ತಿಗೂ ಅದೇ ಉಪಾಯದ ಮೇಲೆ ನಡೆಯುತ್ತದೆ: ನೂರು ವೋಲ್ಟಿನ ಲೈನು, ಪ್ರತಿ ಹಾರನ್ನಿಗೂ ಪುಟ್ಟ ಟ್ರಾನ್ಸ್‌ಫಾರ್ಮರು, ಎಲ್ಲರ ವಾಟ್ ಕೂಡಿಸಿ ಆಂಪ್ಲಿಫೈಯರಿನ ಅಳತೆ ಮೀರದಿದ್ದರೆ ಆಯಿತು. ಹುಡುಗ ಅದನ್ನೂ ಹೇಳಿದ. ರೂಮಿಗೊಂದು ಓಮ್ ಸರಿದೂಗಿಸುವ ವಾಲ್ಯೂಮ್ ಗುಂಡಿ ಹಾಕಿಸಬಹುದು ಅಂದ. ಡಬ್ಬದಲ್ಲಿ ‘ಜೋನ್ 2’ ಅಂತ ಇದೆ, ಅದರಲ್ಲಿ ತಮ್ಮನ ರೂಮಿಗೆ ಬೇರೆ ಹಾಡೇ ಕಳಿಸಬಹುದು ಅಂತಲೂ ಅಂದ.

ದೊಡ್ಡಣ್ಣನ ಮುಖ ಕಪ್ಪಿಟ್ಟಿದ್ದು ಅಲ್ಲೇ. ಬೇರೆ ಹಾಡು ಅಂದರೆ ಮನೆ ಒಡೆಯುವ ಮಾತು. ರೂಮಿಗೊಂದು ಗುಂಡಿ ಕೊಟ್ಟ ಮೇಲೆ ತನ್ನ ಕೈಯಲ್ಲಿ ಉಳಿಯುವುದೇನು, ಬರೀ ಕರೆಂಟ್ ಬಿಲ್ಲು! ಅದೂ ಗೃಹಜ್ಯೋತಿಯಲ್ಲಿ ಸೊನ್ನೆ. ಮನೆಯವರೆಲ್ಲ ಹಾಡು ಕೇಳಲಿ ಎಂಬುದು ಅವರ ಆಸೆಯಾಗಿರಲೇ ಇಲ್ಲ. ತಾನು ಹಾಕಿದ್ದನ್ನು ಎಲ್ಲರೂ ಕೇಳಲಿ ಎಂಬುದು ಆಸೆ, ತಾನು ಇಟ್ಟಷ್ಟೇ ಸೌಂಡಿನಲ್ಲಿ. ಇಂಥವರು ಹೆಚ್ಚಾಗಿ ವಿಧಾನಸೌಧ ಸೇರುತ್ತಾರೆ, ಇವರಿಗೆ ಟಿಕೆಟ್ ಸಿಗಲಿಲ್ಲ ಅಷ್ಟೆ.

ನಾಲ್ಕೂ ಜೊತೆಯನ್ನು ಅಕ್ಕಪಕ್ಕ ಕಟ್ಟಿಸಿಯೇ ಬಿಟ್ಟರು. ಒಂದು ಸಂಜೆ, ನೆಂಟರೆದುರು, ಮೂರನೇ ಹಾಡಿಗೆ ವಾಲ್ಯೂಮ್ ಏರಿಸಿದರು. ಒಳಗಿನಿಂದ ಟಕ್ ಅಂತ ಒಂದು ಸದ್ದು, ಕೆಂಪು ದೀಪ, ಆಮೇಲೆ ಮನೆಯೆಲ್ಲ ಮೌನ. ಮೈಮೇಲೆ ಹೊರಲಾರದ ಹೊರೆ ಬಿದ್ದಾಗ ಬಾಯಿ ಮುಚ್ಚಿಕೊಳ್ಳುವಷ್ಟು ಮಾನ ಇರುವ ಯಂತ್ರ ಅದು. ಫ್ಯೂಸ್ ಹೋದ ಜಾಗಕ್ಕೆ ದಪ್ಪ ತಂತಿ ಸುತ್ತಿ ಬೆಳೆದ ವಂಶಕ್ಕೆ ಆ ಮಾನದ ಬೆಲೆ ತಿಳಿಯುವುದು ಕಷ್ಟ. ಹುಡುಗನಿಗೆ ಫೋನ್ ಹೋಯಿತು.

“ಅದೇನೋ ಪ್ರೊಟೆಕ್ಷನ್ ಅಂತಲ್ಲ, ಅದ ಕಿತ್ತಾಕ್ಬುಡು.”

“ಕಿತ್ತಾಕುದ್ರೆ ಹೊಗೆ ಬತ್ತದೆ ಕಣಣ್ಣೋ.”

“ಬರ್ಲಿ ಬುಡ್ಲಾ. ಅಲ್ಲೀಗಂಟ ಹಾಡ್ತದಲ್ಲ!”